ಹಳೆಯ ಮಳೆನೀರಿನ ಹೊಂಡವನ್ನು ಸರಿಪಡಿಸಿ ತೋಡನ್ನು ಉಳಿಸಿಕೊಳ್ಳುವುದು ಹೇಗೆ?

ಮಳೆಗಾಲ ಹತ್ತಿರವಾದಂತೆ ಕೊಡಗಿನ ಓದುಗರಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬರುತ್ತದೆ. ಬಡಾವಣೆಯ ಕೆಳತುದಿಯಲ್ಲೋ, ಕಾಫಿ ಕಣದ ಪಕ್ಕದಲ್ಲೋ, ಶಾಲೆಯ ಮೈದಾನದ ಅಂಚಿನಲ್ಲೋ ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ತೋಡಿಸಿದ ಮಳೆನೀರಿನ ಹೊಂಡವೊಂದಿದೆ. ಅದರಲ್ಲಿ ಹೂಳು ತುಂಬಿದೆ, ಮಳೆ ಬಿದ್ದ ಅರ್ಧ ಗಂಟೆಯೊಳಗೆ ಕೆಂಪು ನೀರು ತೋಡಿಗೆ, ಅಂದರೆ ಕೆಳಗಿನ ಸಣ್ಣ ಹಳ್ಳಕ್ಕೆ, ನುಗ್ಗುತ್ತದೆ, ತೋಡಿನ ದಂಡೆ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆ. ಹೊಂಡವನ್ನು ದೊಡ್ಡದು ಮಾಡಿಸಬೇಕೇ, ಕಾಂಕ್ರೀಟ್ ಹಾಕಿಸಬೇಕೇ, ಇಲ್ಲ ಮುಚ್ಚಿಬಿಡಬೇಕೇ?

ಬಹುಪಾಲು ಕಡೆ ಈ ಮೂರೂ ಬೇಡ. ಇಂತಹ ಹೊಂಡಗಳ ದೋಷ ಹೊಟ್ಟೆಯಲ್ಲಿರುವುದಕ್ಕಿಂತ ಬಾಯಿಯಲ್ಲಿರುತ್ತದೆ. ನೀರು ಹೊರಹೋಗುವ ಜಾಗವನ್ನು ತಿದ್ದಿ, ಒಳಬರುವ ಜಾಗದಲ್ಲಿ ಮಣ್ಣು ಕೂರುವಂತೆ ಮಾಡಿದರೆ, ಅದೇ ಹೊಂಡ ಅದೇ ಅಳತೆಯಲ್ಲಿ ಇನ್ನೂ ಹಲವು ವರ್ಷ ತೋಡನ್ನು ಕಾಯಬಲ್ಲದು. ಆ ಕೆಲಸದ ಹಂತಗಳನ್ನು ಇಲ್ಲಿ ವಿವರಿಸಿದ್ದೇನೆ.

ಹಳೆಯ ಹೊಂಡ ಸೋಲುವುದು ಎಲ್ಲಿ?

ಆ ಕಾಲದ ಹೊಂಡಗಳನ್ನು ತೋಡಿಸಿದ್ದು ದೊಡ್ಡ ಮಳೆಯ ದಿನ ಕೆಳಗಿನ ಗದ್ದೆಗೂ ರಸ್ತೆಗೂ ಪ್ರವಾಹ ಬಾರದಿರಲಿ ಎಂಬ ಒಂದೇ ಉದ್ದೇಶದಿಂದ. ಹಾಗಾಗಿ ತಳಮಟ್ಟದಲ್ಲಿ ಒಂದೂವರೆ ಅಡಿಯ ಇಲ್ಲವೇ ಎರಡು ಅಡಿಯ ಸಿಮೆಂಟ್ ಪೈಪನ್ನು ಏರಿಯ ಮೂಲಕ ತೂರಿಸಿ ಬಿಟ್ಟಿರುತ್ತಾರೆ. ಅಪರೂಪದ ಮಹಾಮಳೆಯ ದಿನ ಆ ಪೈಪು ನೀರನ್ನು ಒಂದಿಷ್ಟು ತಡೆಯುತ್ತದೆ, ನಿಜ. ಆದರೆ ವರ್ಷದಲ್ಲಿ ಬೀಳುವ ಮಳೆಗಳಲ್ಲಿ ಹೆಚ್ಚಿನವು ಸಣ್ಣ ಮತ್ತು ಮಧ್ಯಮ ಪ್ರಮಾಣದವು. ಅಂತಹ ಮಳೆಯ ನೀರು ಹೊಂಡದಲ್ಲಿ ನಿಲ್ಲದೆ ನೇರವಾಗಿ ಪೈಪಿನಿಂದ ಹೊರಬೀಳುತ್ತದೆ. ರಸ್ತೆಯ ಎಣ್ಣೆ, ಟಯರಿನ ಪುಡಿ, ಬರೆ (ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮೈ) ಕೊಚ್ಚಿದ ಮಣ್ಣು, ತೋಟದ ಗೊಬ್ಬರದ ಅಂಶ, ಹಟ್ಟಿಯ ಸಗಣಿ ಎಲ್ಲವೂ ಅದರ ಜೊತೆಗೇ ಹೋಗುತ್ತವೆ.

ತೋಡಿಗೆ ಇದರಿಂದ ಎರಡು ಬಗೆಯ ಪೆಟ್ಟು ಬೀಳುತ್ತದೆ. ಮೊದಲನೆಯದು ಹೂಳು. ಬೆಣಚುಕಲ್ಲುಗಳ ಸಂದಿನಲ್ಲಿ ಮೊಟ್ಟೆಯಿಡುವ ಮೀನುಗಳಿಗೆ, ಅಂದರೆ ಕಾವೇರಿಯ ಮಹಶೀರ್‌ನಂತಹವಕ್ಕೆ, ಮಣ್ಣು ಮೆತ್ತಿದ ತಳ ಪ್ರಯೋಜನಕ್ಕೆ ಬಾರದು. ಆ ಮೀನುಗಳು ತಿನ್ನುವ ನೀರುಹುಳುಗಳೂ ಅಲ್ಲಿ ಬದುಕುವುದಿಲ್ಲ. ಎರಡನೆಯದು ನೀರಿನ ಹೊಡೆತ. ಹಿಂದೆ ಕಾಡು ಗದ್ದೆಗಳ ಮೂಲಕ ನಿಧಾನವಾಗಿ ಇಳಿಯುತ್ತಿದ್ದ ನೀರು ಈಗ ಚಾವಣಿ, ಡಾಂಬರು ಮತ್ತು ಇಂಟರ್‌ಲಾಕ್ ಅಂಗಳಗಳಿಂದ ಒಮ್ಮೆಲೇ ಬರುವುದರಿಂದ ತೋಡಿನ ತಳ ಆಳವಾಗುತ್ತ, ದಂಡೆ ಬುಡಕಳಚಿ ಬೀಳುತ್ತ ಹೋಗುತ್ತದೆ. ನಮ್ಮ ತೋಡುಗಳು ಸೇರುವುದು ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥಗಳನ್ನು ಇಲ್ಲವೇ ಪಡುವಣಕ್ಕೆ ಹರಿಯುವ ಬರಪೊಳೆಯಂತಹ ಹೊಳೆಗಳನ್ನು. ಆದ್ದರಿಂದ ಒಂದು ಹೊಂಡದ ತೊಂದರೆ ಆ ಬಡಾವಣೆಯ ಬೇಲಿಯೊಳಗೆ ಉಳಿಯುವುದಿಲ್ಲ.

ಆರಂಭಿಸುವ ಮುನ್ನ

ಕಾಲದ ಲೆಕ್ಕ ಮೊದಲು ಸರಿಯಾಗಬೇಕು. ಮಣ್ಣಿನ ಕೆಲಸಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳೇ ಸೂಕ್ತ. ಆ ಹೊತ್ತಿನಲ್ಲಿ ಕಾಫಿ ಕೊಯ್ಲು ನಡೆಯುತ್ತಿರುವುದರಿಂದ ಆಳುಗಳು ಸಿಗುವುದು ಕಷ್ಟ. ಜೇಸಿಬಿ ಮತ್ತು ಗಾರೆಯವರನ್ನು ಡಿಸೆಂಬರ್‌ನಲ್ಲೇ ಗೊತ್ತುಮಾಡಿಕೊಳ್ಳಿ. ಹುಲ್ಲು, ಗಿಡ ನೆಡುವುದನ್ನು ಏಪ್ರಿಲ್ ಮಳೆಯ ಹದಕ್ಕೆ ಹೊಂದಿಸಿಕೊಂಡರೆ ಜೂನ್ ವೇಳೆಗೆ ಬೇರು ಹಿಡಿದಿರುತ್ತದೆ. ಮೇ ಮಧ್ಯದ ನಂತರ ಏರಿಯನ್ನು ಬಗೆಯುವ ಯಾವ ಕೆಲಸವನ್ನೂ ಆರಂಭಿಸಬೇಡಿ. ಅರ್ಧ ಕಟ್ಟಿದ ಏರಿಯ ಮೇಲೆ ಮುಂಗಾರು ಬಿದ್ದರೆ ಹೊಂಡವೇ ಇಲ್ಲದಿದ್ದ ಕಾಲಕ್ಕಿಂತ ಹೆಚ್ಚು ಮಣ್ಣು ತೋಡು ಸೇರುತ್ತದೆ.

ಕೈಯಲ್ಲಿ ಇರಬೇಕಾದವು ಇಷ್ಟು: ಜಮೀನಿನ ಸರ್ವೆ ನಕ್ಷೆ, ಬಡಾವಣೆಯಾದರೆ ಅದರ ಅನುಮೋದಿತ ನಕ್ಷೆ, ಉದ್ದನೆಯ ಅಳತೆ ಟೇಪು, ಅಡಿಗಳನ್ನು ಗುರುತು ಮಾಡಿದ ಬಿದಿರಿನ ಗಳ, ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು, ಮತ್ತು ಹತ್ತಿರದ ತೋಟದವರು ಬರೆದಿಟ್ಟ ಮಳೆ ಲೆಕ್ಕದ ಪುಸ್ತಕ. ಕೊನೆಯದನ್ನು ಹಗುರವಾಗಿ ಕಾಣಬೇಡಿ. ಇಂಚು, ಸೆಂಟ್‌ಗಳಲ್ಲಿ (ಇಲ್ಲಿ ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ದಿನದಿನವೂ ಮಳೆ ಬರೆದಿಡುವ ಬೆಳೆಗಾರರ ಅಭ್ಯಾಸ ಕೊಡಗಿಗೆ ದೊಡ್ಡ ಆಸ್ತಿ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಹಲವು ಪಟ್ಟು ವ್ಯತ್ಯಾಸವಿರುವ ಜಿಲ್ಲೆಯಲ್ಲಿ ಜಿಲ್ಲಾ ಸರಾಸರಿ ಹಿಡಿದು ಹೊಂಡ ಕಟ್ಟಲಾಗದು.

ಏರಿಯ ಎತ್ತರ ಸುಮಾರು ಆರು ಅಡಿ ಮೀರಿದ್ದರೆ ಅಥವಾ ಅದರ ಕೆಳಗೆ ಮನೆ, ತೋಟದ ಕಾರ್ಮಿಕರ ಲೈನ್‌ಮನೆ, ರಸ್ತೆ ಇದ್ದರೆ, ಮುಂದಿನ ಹಂತಗಳನ್ನು ಸಿವಿಲ್ ಎಂಜಿನಿಯರ್ ಒಬ್ಬರ ವಿನ್ಯಾಸವಿಲ್ಲದೆ ಕೈಗೊಳ್ಳಬೇಡಿ.

ಹಂತ 1: ನೀರು ಎಲ್ಲೆಲ್ಲಿಂದ ಬರುತ್ತಿದೆ ಎಂದು ಗುರುತಿಸುವುದು

ಹೊಂಡಕ್ಕೆ ನೀರು ಕೊಡುವ ಒಟ್ಟು ಪ್ರದೇಶವನ್ನು ಜಲಾನಯನ ಪ್ರದೇಶ ಎನ್ನುತ್ತಾರೆ. ಒಂದು ಒಳ್ಳೆಯ ಮಳೆಯ ಹೊತ್ತು ಕೊಡೆ ಹಿಡಿದು ಚರಂಡಿಗಳ ಜೊತೆ ಮೇಲಕ್ಕೆ ನಡೆದು, ಯಾವ ಚಾವಣಿ, ಯಾವ ರಸ್ತೆ, ಯಾವ ಬರೆಯ ನೀರು ಇದಕ್ಕೆ ಇಳಿಯುತ್ತಿದೆ ಎಂದು ನಕ್ಷೆಯ ಮೇಲೆ ಗುರುತು ಹಾಕಿ. ಹೊಂಡ ತೋಡಿಸಿದಾಗ ಇಲ್ಲದ ಹತ್ತಾರು ಮನೆಗಳು ಈಗ ಸೇರಿಕೊಂಡಿರುವುದು ಸಾಮಾನ್ಯ.

ಬಳಿಕ ಫೆಬ್ರವರಿಯಲ್ಲಿ ಮತ್ತೊಮ್ಮೆ ನಡೆಯಿರಿ. ವಾರಗಟ್ಟಲೆ ಮಳೆಯಿಲ್ಲದಿದ್ದರೂ ಚರಂಡಿಯಲ್ಲಿ ನೀರು ಹರಿಯುತ್ತಿದ್ದರೆ ಅದು ಒರತೆಯ ನೀರಿರಬಹುದು, ಇಲ್ಲವೇ ಯಾರದೋ ಬಚ್ಚಲಿನ ಅಥವಾ ಶೌಚಗುಂಡಿಯ ನೀರಿರಬಹುದು. ನೊರೆ, ಬೂದು ಬಣ್ಣದ ಲೋಳೆ, ವಾಸನೆ ಇವು ಎರಡನೆಯದನ್ನು ತೋರಿಸಿಕೊಡುತ್ತವೆ. ಅಂತಹ ಸಂಪರ್ಕವನ್ನು ಕಡಿಸದೆ ಹೊಂಡಕ್ಕೆ ಎಷ್ಟು ಖರ್ಚು ಮಾಡಿದರೂ ತೋಡು ಶುದ್ಧವಾಗದು. ತಿಳಿಯಾದ ಒರತೆಯ ನೀರಾದರೆ ಅದನ್ನು ಹೊಂಡಕ್ಕೆ ಬಿಡದೆ ಪಕ್ಕದ ಕಾಲುವೆಯ ಮೂಲಕ ನೇರವಾಗಿ ತೋಡಿಗೆ ಸೇರಿಸಿ. ಶುದ್ಧ ನೀರನ್ನು ಕೊಳೆ ನೀರಿನ ಜೊತೆ ಬೆರೆಸಿ ಹೊಂಡದ ಜಾಗ ಕಳೆಯುವುದರಲ್ಲಿ ಅರ್ಥವಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರನ್ನಂತೂ ಈ ಹೊಂಡಕ್ಕೆ ಯಾವ ಕಾರಣಕ್ಕೂ ಬಿಡಕೂಡದು. ಹಣ್ಣಿನ ಸಿಪ್ಪೆ ಮತ್ತು ಲೋಳೆ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಬೇಸಿಗೆಯ ಸಣ್ಣ ಹರಿವಿನ ತೋಡಿಗೆ ಅದು ಸೇರಿದರೆ ಮೀನು ಉಳಿಯುವುದಿಲ್ಲ. ಆ ನೀರಿಗೆ ಪ್ರತ್ಯೇಕ ಶುದ್ಧೀಕರಣ ತೊಟ್ಟಿಯೇ ಬೇಕು.

ಇದೇ ಹಂತದಲ್ಲಿ ಮೇಲಿನ ಪ್ರದೇಶದಲ್ಲೇ ನೀರನ್ನು ಎಷ್ಟು ಹಿಡಿಯಬಹುದೆಂದೂ ನೋಡಿಕೊಳ್ಳಿ. ಕಾಫಿ ಸಾಲುಗಳ ನಡುವೆ ಸಮಪಾತಳಿಯಲ್ಲಿ ತೆಗೆಯುವ ತೊಟ್ಟಿಲು ಗುಂಡಿಗಳು ಹೊಂಡಕ್ಕೆ ಬರುವ ಮಣ್ಣನ್ನು ಬಹಳವಾಗಿ ತಗ್ಗಿಸುತ್ತವೆ. ಆದರೆ ಬಯಲುಸೀಮೆಗಾಗಿ ಬರೆದ ಮಾರ್ಗದರ್ಶಿಗಳು ಹೇಳುವಂತೆ ಕಂಡಕಂಡಲ್ಲಿ ಇಂಗುಗುಂಡಿ ತೋಡುವುದು ಇಲ್ಲಿ ಅಪಾಯಕಾರಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಸುತ್ತ ಗುಡ್ಡಗಳು ಜಾರಿದ್ದನ್ನು ಯಾರೂ ಮರೆತಿಲ್ಲ. ಸತತ ಮಳೆಗೆ ನೀರು ಕುಡಿದು ಭಾರವಾದ ಇಳಿಜಾರಿನ ಬುಡವನ್ನು ರಸ್ತೆಗೋ ಕಟ್ಟಡಕ್ಕೋ ಕತ್ತರಿಸಿದ್ದರೆ ಮಣ್ಣು ನಿಲ್ಲುವುದಿಲ್ಲ. ಕಡಿದ ಬರೆಯ ತಲೆಯ ಮೇಲೆ, ಮಣ್ಣು ತುಂಬಿ ಸಮತಟ್ಟು ಮಾಡಿದ ನಿವೇಶನದಲ್ಲಿ, ಹಿಂದೆ ಬಿರುಕು ಕಂಡ ಜಾಗದಲ್ಲಿ ಇಂಗಿಸುವ ಯೋಚನೆ ಬೇಡ. ಅಲ್ಲಿನ ನೀರನ್ನು ಗಟ್ಟಿ ತಳದ ಚರಂಡಿಯಲ್ಲಿ ಹೊಂಡದವರೆಗೆ ತರಬೇಕು.

ಹಂತ 2: ಹೊಂಡ, ಏರಿ ಮತ್ತು ತೋಡಿನ ತಪಾಸಣೆ

ಬಿದಿರಿನ ಗಳವನ್ನು ನಾಲ್ಕೈದು ಅಡಿಗೊಮ್ಮೆ ಇಳಿಸಿ, ಹೂಳಿನ ಮೇಲ್ಮೈ ತಾಕುವ ಆಳವನ್ನೂ ಒತ್ತಿದಾಗ ಗಟ್ಟಿ ತಳ ಸಿಗುವ ಆಳವನ್ನೂ ಬರೆದುಕೊಳ್ಳಿ. ಎರಡರ ವ್ಯತ್ಯಾಸವೇ ಹೂಳಿನ ದಪ್ಪ. ಅದರ ಸರಾಸರಿಯನ್ನು ಹೊಂಡದ ವಿಸ್ತೀರ್ಣದಿಂದ ಗುಣಿಸಿದರೆ ಎಷ್ಟು ಲೋಡು ಮಣ್ಣು ತೆಗೆಯಬೇಕೆಂಬ ಅಂದಾಜು ಸಿಗುತ್ತದೆ. ಗುತ್ತಿಗೆದಾರರೊಡನೆ ಮಾತಾಡುವ ಮುನ್ನ ಈ ಲೆಕ್ಕ ನಿಮ್ಮ ಬಳಿ ಇರಲಿ.

ಏರಿಯ ಹೊರಮೈಯನ್ನು ಮೊಣಕಾಲೂರಿ ನೋಡಬೇಕು, ಅದರಲ್ಲೂ ಹಳೆಯ ಪೈಪು ಹೊರಬರುವ ಜಾಗದ ಸುತ್ತಮುತ್ತ. ಹುಲ್ಲನ್ನು ಕೈಯಿಂದ ಸರಿಸಿದಾಗ ಗೋಲಿಯಷ್ಟು ಅಗಲದ ದುಂಡು ಬಾಯಿ, ಅದರ ಮುಂದೆ ಸಣ್ಣ ಸಣ್ಣ ಮಣ್ಣಿನ ಉಂಡೆಗಳು ಕಂಡರೆ ಅದು ಏಡಿಯ ಬಿಲ. ಬಾಯಿ ಮುಷ್ಟಿಗಿಂತ ಅಗಲವಿದ್ದು, ಅಗೆದ ಮಣ್ಣು ಗುಡ್ಡೆಯಾಗಿ ಬಿದ್ದಿದ್ದರೆ ಹೆಗ್ಗಣ. ಎರಡರ ದಾರಿಯೂ ಪೈಪಿನ ಪಕ್ಕದ ಸಡಿಲ ಮಣ್ಣಿನಗುಂಟವೇ ಹೋಗುವುದು ಹೆಚ್ಚು; ಹೊಂಡ ತುಂಬಿದ ದಿನ ನೀರಿಗೂ ಅದೇ ದಾರಿಯಾಗುತ್ತದೆ. ಪೈಪಿನ ಸುತ್ತ ತಿಳಿನೀರು ಜಿನುಗುತ್ತಿದ್ದರೆ ಗಮನದಲ್ಲಿಡಿ. ಜಿನುಗುವ ನೀರು ಕದಡಿದ್ದರೆ ಏರಿಯೊಳಗಿನ ಮಣ್ಣು ಹೊರಹೋಗುತ್ತಿದೆ ಎಂದೇ ಅರ್ಥ. ಹೊಂಡವನ್ನು ನಿಧಾನವಾಗಿ ಖಾಲಿ ಮಾಡಿಸಿ ಎಂಜಿನಿಯರನ್ನು ಕರೆಸಿ. ಏರಿಯ ಮೇಲೆ ತಾನಾಗಿ ಬೆಳೆದ ದೊಡ್ಡ ಮರಗಳಿದ್ದರೆ ಅವನ್ನೂ ಪಟ್ಟಿ ಮಾಡಿ.

ತೋಡಿನಲ್ಲಿ ನೋಡಬೇಕಾದದ್ದು ಪೈಪಿನಿಂದ ಕೆಳಕ್ಕೆ ಸುಮಾರು 100 ಮೀಟರ್ ದೂರ. ದಂಡೆಯ ಮರಗಳ ಬೇರು ಗಾಳಿಗೆ ತೆರೆದುಕೊಂಡಿದೆಯೇ, ಕೆಳಗಿನ ಮೋರಿಯ ತುದಿಗಿಂತ ತೋಡಿನ ತಳ ಕೆಳಕ್ಕೆ ಇಳಿದು ನೀರು ಧುಮುಕುವಂತಾಗಿದೆಯೇ, ಕಲ್ಲುಗಳ ಮೇಲೆ ಕೆಂಪು ಮಣ್ಣಿನ ಲೇಪವಿದೆಯೇ ನೋಡಿ ಫೋಟೊ ತೆಗೆದಿಡಿ. ಮುಂದಿನ ವರ್ಷ ಅದೇ ಜಾಗದಲ್ಲಿ ನಿಂತು ತೆಗೆದ ಫೋಟೊವೇ ನಿಮ್ಮ ಕೆಲಸದ ಫಲವನ್ನು ಹೇಳುತ್ತದೆ.

ಹಂತ 3: ಎಷ್ಟು ನೀರು ಹಿಡಿಯಬೇಕು?

ಮಳೆಯ ಮೊದಲ ಭಾಗದ ನೀರಿನಲ್ಲೇ ಕೊಳೆಯ ಬಹುಪಾಲು ಇರುತ್ತದೆ. ಆದ್ದರಿಂದ ಗುರಿ ಸರಳ: ಮೊದಲ ಒಂದು ಇಂಚು, ಎಂದರೆ ಸುಮಾರು 25 ಮಿ.ಮೀ. ಮಳೆಯ ನೀರನ್ನು ಹೊಂಡದಲ್ಲಿ ಹಿಡಿದು, ಒಂದು ದಿನದ ಅವಧಿಯಲ್ಲಿ ಮೆಲ್ಲಗೆ ಬಿಡುವುದು.

ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1,03,000 ಲೀಟರ್ ನೀರಾಗುತ್ತದೆ. ಎಲ್ಲವೂ ಹರಿದು ಬರುವುದಿಲ್ಲ. ಬಿದ್ದ ನೀರಿನಲ್ಲಿ ಹರಿದು ಬರುವ ಪಾಲಿಗೆ ಹರಿವಿನ ಗುಣಾಂಕ ಎಂದು ಹೆಸರು. ಚಾವಣಿ ಮತ್ತು ಡಾಂಬರಿಗೆ ಅದು 0.9ರ ಆಸುಪಾಸಿನಲ್ಲಿದ್ದರೆ, ತರಗೆಲೆ ಹೊದ್ದ ತೋಟಕ್ಕೆ ಬಹಳ ಕಡಿಮೆ. ಮನೆ, ರಸ್ತೆ, ಕೈತೋಟ ಬೆರೆತ ಐದು ಎಕರೆ ಬಡಾವಣೆಗೆ 0.6 ಹಿಡಿದರೆ, ಐದನ್ನು 1,03,000ದಿಂದ ಮತ್ತು 0.6ರಿಂದ ಗುಣಿಸಿದಾಗ ಸುಮಾರು 3 ಲಕ್ಷದ 9 ಸಾವಿರ ಲೀಟರ್, ಅಂದರೆ 309 ಘನ ಮೀಟರ್. ಒಂದು ಮೀಟರ್ ಆಳ ನಿಲ್ಲಿಸುವುದಾದರೆ ಇದಕ್ಕೆ ಏಳೂವರೆ ಸೆಂಟ್‌ಗಿಂತ (ನೆಲದ ಲೆಕ್ಕದಲ್ಲಿ ಸೆಂಟ್ ಎಂದರೆ ಎಕರೆಯ ನೂರನೇ ಒಂದು ಭಾಗ) ತುಸು ಹೆಚ್ಚು ಜಾಗ ಸಾಕು. ಹಳೆಯ ಹೊಂಡಗಳಲ್ಲಿ ಹೂಳು ತೆಗೆದರೆ ಇಷ್ಟು ಜಾಗ ಸಿಗುವುದು ಅಪರೂಪವೇನಲ್ಲ. ಹೊಂಡ ದೊಡ್ಡದಾಗಬೇಕಿಲ್ಲ ಎಂದು ಆರಂಭದಲ್ಲಿ ಹೇಳಿದ್ದು ಇದೇ ಲೆಕ್ಕದಿಂದ.

ಒಂದು ವಿಷಯ ಮಾತ್ರ ಸ್ಪಷ್ಟವಾಗಿರಲಿ. ಜುಲೈನಲ್ಲಿ ವಾರವಿಡೀ ಬಿಡದೆ ಸುರಿಯುವ ಮಳೆಗೆ ಈ ಹೊಂಡ ತುಂಬಿಯೇ ಇರುತ್ತದೆ. ಆಗ ಅದರಿಂದ ನೀರಿನ ತಡೆಯನ್ನು ನಿರೀಕ್ಷಿಸಬಾರದು. ಅದರ ನಿಜವಾದ ಸೇವೆ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ಕಾಲದಲ್ಲಿ, ಮೇ ತಿಂಗಳ ಗುಡುಗು ಮಳೆಗೆ, ಜೂನ್ ಮೊದಲ ವಾರಗಳಲ್ಲಿ ಮತ್ತು ಅಕ್ಟೋಬರ್‌ನ ಹಿಂಗಾರಿನಲ್ಲಿ. ತಿಂಗಳುಗಟ್ಟಲೆ ಕೂಡಿದ ಧೂಳು, ಎಣ್ಣೆ ಕೊಚ್ಚಿ ಬರುವುದೂ, ತೋಡಿನಲ್ಲಿ ನೀರು ಕಡಿಮೆಯಿದ್ದು ಕೊಳೆ ತೆಳುವಾಗದೆ ಉಳಿಯುವುದೂ ಹೆಚ್ಚಾಗಿ ಆ ದಿನಗಳಲ್ಲೇ.

ಹಂತ 4: ಒಪ್ಪಿಗೆಗಳು

ಖಾಸಗಿ ಜಮೀನಿನೊಳಗಿನ ಹೊಂಡದ ಹೂಳು ತೆಗೆಯುವುದು ಒಂದು ವಿಷಯ, ತೋಡಿನೊಳಕ್ಕೆ ಕಲ್ಲು ಕಟ್ಟುವುದು ಬೇರೆ ವಿಷಯ. ಸರ್ವೆ ನಕ್ಷೆಯಲ್ಲಿ ತೋಡು ಖರಾಬು ಎಂದಿದ್ದರೆ ಅದು ನಿಮ್ಮ ಗಡಿಯೊಳಗೆ ಹರಿದರೂ ಸರ್ಕಾರದ ಸ್ವತ್ತು. ಗ್ರಾಮ ಪಂಚಾಯಿತಿ ಅಥವಾ ಪಟ್ಟಣದಲ್ಲಿ ನಗರಸಭೆ, ಪುರಸಭೆಗೆ ನಕ್ಷೆಯ ಸಮೇತ ಲಿಖಿತವಾಗಿ ತಿಳಿಸಿ; ತೋಡಿನ ದಂಡೆ ಮುಟ್ಟುವ ಕೆಲಸಕ್ಕೆ ಕಂದಾಯ ಇಲಾಖೆಯನ್ನೂ ಕೇಳಿ. ಏರಿಯ ಮರ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯನ್ನು ವಿಚಾರಿಸಬೇಕು. ಬಾಣೆ ಜಮೀನಿನಲ್ಲಿ (ಗದ್ದೆಗೆ ಹೊಂದಿಕೊಂಡಂತೆ ಕೊಟ್ಟ ಕೊಡಗಿನ ಕಾಡುಜಮೀನು) ಮರದ ಹಕ್ಕಿನ ಪ್ರಶ್ನೆಯೇ ಬೇರೆಯಾದ್ದರಿಂದ ದಾಖಲೆ ನೋಡದೆ ಕೊಡಲಿ ಎತ್ತಬೇಡಿ. ಕೆಳಗಿನ ಗದ್ದೆಯವರಿಗೆ ಕೆಲಸ ಶುರುವಾಗುವ ಮುನ್ನ ಹೇಳಿಬಿಡುವುದು ಕಾನೂನಿಗಿಂತ ಹೆಚ್ಚಾಗಿ ನೆರೆಹೊರೆಯ ಮರ್ಯಾದೆಗೆ ಸೇರಿದ್ದು, ಮತ್ತು ಮುಂದಿನ ತಕರಾರು ತಪ್ಪಿಸಲು ಅದಕ್ಕಿಂತ ಅಗ್ಗದ ಉಪಾಯವಿಲ್ಲ.

ಹಂತ 5: ಹೂಳು ತೆಗೆಯುವುದು

ಮೊದಲು ನೀರನ್ನು ಮೇಲ್ಮೈಯಿಂದ ಪಂಪ್ ಮಾಡಿ ಖಾಲಿ ಮಾಡಬೇಕು. ಪಂಪಿನ ಪೈಪನ್ನು ತಳಕ್ಕೆ ಇಳಿಸಿದರೆ ವರ್ಷಗಳ ಕೆಸರು ಒಂದೇ ದಿನದಲ್ಲಿ ತೋಡಿಗೆ ಹೋಗುತ್ತದೆ. ಕೊನೆಯ ಒಂದಡಿ ಕದಡು ನೀರನ್ನು ಹುಲ್ಲಿನ ಜಾಗಕ್ಕೆ ಹರಡಿಸಿ. ಜೇಸಿಬಿಯವರು ತಳ ಚೆನ್ನಾಗಿ ಕೆರೆದು ಕೊಡುತ್ತೇವೆ ಎಂದರೆ ತಡೆಯಿರಿ. ತಳದಲ್ಲಿ ಹದಗೊಂಡು ಕೂತ ಜೇಡಿಯ ಪದರವನ್ನು ಕಿತ್ತರೆ ನೀರು ಏರಿಯ ಬುಡದ ಕಡೆಗೆ ಸೋರಲು ತೊಡಗುತ್ತದೆ.

ತೋಟ, ಅಂಗಳಗಳಿಂದ ಬಂದ ಹೂಳನ್ನು ಒಣಗಿಸಿ ನರ್ಸರಿ ಮಣ್ಣಿಗೆ, ಗದ್ದೆಗೆ ಬಳಸಬಹುದು. ವಾಹನ ತೊಳೆಯುವ ಜಾಗ, ವರ್ಕ್‌ಶಾಪ್, ಪೆಟ್ರೋಲ್ ಬಂಕ್‌ಗಳ ನೀರು ಸೇರುವ ಹೊಂಡದ ಹೂಳಿಗೆ ಎಣ್ಣೆಯ ವಾಸನೆಯಿದ್ದರೆ ಅದನ್ನು ಪರೀಕ್ಷೆ ಮಾಡಿಸದೆ ಬೆಳೆಗೆ ಹಾಕಬಾರದು. ತೆಗೆದ ಮಣ್ಣನ್ನು ಎಲ್ಲಿ ಗುಡ್ಡೆ ಹಾಕುತ್ತೀರಿ ಎಂಬುದನ್ನು ಯಂತ್ರ ಬರುವ ಮೊದಲೇ ನಿರ್ಧರಿಸಿ. ಬರೆಯ ತಲೆಯ ಮೇಲೂ ತೋಡಿನ ದಂಡೆಯಲ್ಲೂ ಖಂಡಿತ ಬೇಡ.

ಹಂತ 6: ಮುಂಗುಂಡಿ ಮತ್ತು ನೀರಿನ ದಾರಿ

ಚರಂಡಿ ಹೊಂಡವನ್ನು ಸೇರುವ ಜಾಗದಲ್ಲಿ ಕಲ್ಲಿನ ತಗ್ಗು ಕಟ್ಟೆಯಿಂದ ಬೇರ್ಪಡಿಸಿದ ಸಣ್ಣ ಗುಂಡಿಯೊಂದಿರಬೇಕು. ಇದನ್ನು ಮುಂಗುಂಡಿ ಎಂದು ಕರೆಯೋಣ. ದಪ್ಪ ಮರಳು, ಮಣ್ಣು, ಪ್ಲಾಸ್ಟಿಕ್ ಇಲ್ಲೇ ನಿಂತುಬಿಡುತ್ತವೆ. ಒಟ್ಟು ನೀರಿನ ಹತ್ತರಲ್ಲಿ ಒಂದು ಭಾಗದಷ್ಟು ಹಿಡಿಯುವ ಗಾತ್ರ, ಮೂರರಿಂದ ನಾಲ್ಕು ಅಡಿ ಆಳ ಸಾಕು. ತಳಕ್ಕೆ ಸೈಜುಗಲ್ಲು ಹಾಸಿ ಕಾಂಕ್ರೀಟ್ ಮಾಡಿಸಿದರೆ ಮುಂದೆ ಹೂಳು ತೆಗೆಯುವಾಗ ಬಕೆಟ್ ಎಲ್ಲಿ ನಿಲ್ಲಬೇಕೆಂದು ಯಂತ್ರದವರಿಗೆ ಗೊತ್ತಾಗುತ್ತದೆ. ಯಂತ್ರ ಬರಲು ಹತ್ತು ಅಡಿಯ ದಾರಿ ಬಿಡುವುದನ್ನು ಮರೆತರೆ ಮುಂಗುಂಡಿ ಎರಡೇ ವರ್ಷದಲ್ಲಿ ತುಂಬಿ ನಿರುಪಯೋಗಿಯಾಗುತ್ತದೆ.

ನೀರು ಒಳಬರುವ ಜಾಗವೂ ಹೊರಹೋಗುವ ಪೈಪೂ ಹತ್ತಿರ ಹತ್ತಿರವಿರುವುದು ಹಳೆಯ ಹೊಂಡಗಳ ಇನ್ನೊಂದು ದೋಷ. ಉಳಿದ ಹೊಂಡವೆಲ್ಲ ನಿಂತ ನೀರಾಗಿ, ಹೊಸ ನೀರು ಒಂದು ಮೂಲೆಯಿಂದಲೇ ಹೊರಟುಹೋಗುತ್ತದೆ. ನಡುವೆ ಒಂದು ಮಣ್ಣಿನ ಅಡ್ಡದಿಣ್ಣೆ ಹಾಕಿ ನೀರು ಸುತ್ತಿ ಬರುವಂತೆ ಮಾಡಿ. ನೀರಿನ ದಾರಿಯ ಉದ್ದ ಅಗಲದ ಮೂರರಷ್ಟಿದ್ದರೆ ನಯವಾದ ಮಣ್ಣಿಗೂ ತಳಕ್ಕಿಳಿಯಲು ಸಮಯ ಸಿಗುತ್ತದೆ.

ಹಂತ 7: ತೂಬನ್ನು ತಿದ್ದುವುದು

ಇಡೀ ಕೆಲಸದ ಜೀವಾಳ ಇದು. ಹಳೆಯ ಪೈಪನ್ನು ಕೀಳಬೇಡಿ, ಏರಿಯನ್ನು ಬಗೆಯಬೇಡಿ. ಪೈಪಿನ ಒಳಬಾಯಿಯ ಮುಂದೆ, ಹೊಂಡದೊಳಗೇ, ಕಾಂಕ್ರೀಟ್ ರಿಂಗುಗಳನ್ನು ಒಂದರ ಮೇಲೊಂದು ಕೂರಿಸಿ ಬಾವಿಯಂತಹ ಪೆಟ್ಟಿಗೆ ಕಟ್ಟಿ ಪೈಪಿಗೆ ಬಿಗಿಯಾಗಿ ಸೇರಿಸಿ. ಇನ್ನು ಮುಂದೆ ನೀರು ಹೊರಹೋಗಬೇಕಾದರೆ ಈ ಪೆಟ್ಟಿಗೆಯ ಮೂಲಕವೇ ಹೋಗಬೇಕು.

ಪೆಟ್ಟಿಗೆಯ ಗೋಡೆಯಲ್ಲಿ, ಹೊಂಡದಲ್ಲಿ ಸದಾ ನಿಂತಿರಬೇಕಾದ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಸಣ್ಣ ರಂಧ್ರವಿರಬೇಕು. ಮೇಲಿನ ಐದು ಎಕರೆಯ ಉದಾಹರಣೆಯನ್ನೇ ನೋಡಿ: 309 ಘನ ಮೀಟರ್ ನೀರು 24 ಗಂಟೆಯಲ್ಲಿ ಹೋಗಬೇಕಾದರೆ ಸೆಕೆಂಡಿಗೆ ಸರಾಸರಿ ಮೂರೂವರೆ ಲೀಟರ್. ರಂಧ್ರದ ಮೇಲೆ ಸರಾಸರಿ ಅರ್ಧ ಮೀಟರ್ ನೀರು ನಿಂತಿರುತ್ತದೆ ಎಂದುಕೊಂಡರೆ ಇದಕ್ಕೆ ಬೇಕಾಗುವ ವ್ಯಾಸ ಸುಮಾರು 50 ಮಿ.ಮೀ., ಅಂದರೆ ಎರಡು ಇಂಚು. ಎರಡು ಅಡಿಯ ಪೈಪು ಇದ್ದಲ್ಲಿ ಎರಡು ಇಂಚಿನ ರಂಧ್ರ ಎಂದಾಗ ಗುತ್ತಿಗೆದಾರರು ನಗುವುದುಂಟು, ಲೆಕ್ಕ ತೋರಿಸಿ.

ಇಷ್ಟು ಸಣ್ಣ ರಂಧ್ರ ಕಟ್ಟಿಕೊಳ್ಳುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಸಿಲ್ವರ್ ಓಕ್ ಎಲೆ ಉದುರುವ ನಮ್ಮ ಊರುಗಳಲ್ಲಿ ಬರಿಯ ರಂಧ್ರ ಒಂದೇ ಮಳೆಗೆ ಮುಚ್ಚಿಹೋಗುತ್ತದೆ. ಆದ್ದರಿಂದ ರಂಧ್ರಕ್ಕೆ ಹೊರಗಿನಿಂದ ನಾಲ್ಕು ಇಂಚಿನ ಪಿವಿಸಿ ಬೆಂಡ್ ಕೂರಿಸಿ, ಅದರ ಬಾಯಿ ಕೆಳಮುಖವಾಗಿ ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ತೆರೆಯುವಂತೆ ಮಾಡಬೇಕು. ಎಲೆ, ಎಣ್ಣೆಯ ಪೊರೆ, ಪ್ಲಾಸ್ಟಿಕ್ ತೇಲುತ್ತ ಮೇಲೆಯೇ ಉಳಿಯುತ್ತವೆ. ನೀರು ಅವುಗಳ ಅಡಿಯಿಂದ ಹೋಗುತ್ತದೆ. ಬಾಯಿಗೆ ತುಕ್ಕು ಹಿಡಿಯದ ಜಾಲರಿ ಕಟ್ಟಿ. ಬೆಂಡಿನ ಬಾಯಿಗೂ ಹೊಂಡದ ತಳಕ್ಕೂ ನಡುವೆ ಕನಿಷ್ಠ ಒಂದೂವರೆ ಅಡಿ ಅಂತರ ಬೇಕು, ಇಲ್ಲವಾದರೆ ಹೂಳನ್ನೇ ಎಳೆದುಕೊಳ್ಳುತ್ತದೆ.

ರಂಧ್ರಕ್ಕಿಂತ ಒಂದು ಮೀಟರ್ ಮೇಲಕ್ಕೆ ಪೆಟ್ಟಿಗೆಯ ಬಾಯಿ ತೆರೆದೇ ಇರಲಿ, ಅದರ ಮೇಲೆ ಕಬ್ಬಿಣದ ಸರಳುಗಳ ಬುಟ್ಟಿಯಂತಹ ಮುಚ್ಚಳವಿರಲಿ. ನೀರು ಅಲ್ಲಿಗೆ ಏರಿದಾಗ ಹೆಚ್ಚುವರಿ ನೀರು ಮೇಲಿನಿಂದ ಒಳಬಿದ್ದು ಹಳೆಯ ಪೈಪಿನ ಪೂರ್ತಿ ಸಾಮರ್ಥ್ಯದಲ್ಲಿ ಹೊರಹೋಗುತ್ತದೆ. ಹೀಗೆ ಸಣ್ಣ ಮಳೆಗೆ ಸಣ್ಣ ಬಾಯಿ, ದೊಡ್ಡ ಮಳೆಗೆ ದೊಡ್ಡ ಬಾಯಿ.

ಇಲ್ಲಿ ಪದೇ ಪದೇ ಆಗುವ ತಪ್ಪುಗಳು ಎರಡು. ಖಾಲಿ ಪೆಟ್ಟಿಗೆಯ ಸುತ್ತ ನೀರು ಏರಿದಾಗ ಅದು ಮೇಲಕ್ಕೆ ತೇಲಲು ನೋಡುತ್ತದೆ. ಅಡಿಯಲ್ಲಿ ಪೆಟ್ಟಿಗೆಗಿಂತ ಅಗಲವಾದ ದಪ್ಪ ಕಾಂಕ್ರೀಟ್ ಪಾದ ಹಾಕದೆ ರಿಂಗ್ ಕೂರಿಸಬಾರದು. ಎರಡನೆಯದಾಗಿ, ಹಳೆಯ ಪೈಪಿನ ಬಾಯಿಗೇ ಸಿಮೆಂಟ್ ಮೆತ್ತಿ ನಡುವೆ ತೂತು ಬಿಡುವ ಅಗ್ಗದ ಉಪಾಯ. ಅದು ಕಟ್ಟಿಕೊಂಡ ರಾತ್ರಿ ತೆರೆಯಲು ದಾರಿಯಿರುವುದಿಲ್ಲ, ನೀರು ಏರಿಯ ತಲೆಯ ಮೇಲಿಂದ ಹರಿಯುತ್ತದೆ.

ಹಂತ 8: ಕೋಡಿ

ತೂಬು ಎಷ್ಟೇ ಚೆನ್ನಾಗಿದ್ದರೂ ಏರಿಯ ಒಂದು ಬದಿಯಲ್ಲಿ, ಗಟ್ಟಿ ನೆಲದ ಮೇಲೆ ಕೋಡಿ ಇರಲೇಬೇಕು. ಕೊಡಗಿನ ಮಳೆಗೆ ಇದರಲ್ಲಿ ಜಿಪುಣತನ ಸಲ್ಲದು. ಅದೇ ಐದು ಎಕರೆಗೆ, ನೆಲವೆಲ್ಲ ನೆನೆದ ದಿನ ಗುಣಾಂಕ 0.7, ಗಂಟೆಗೆ 120 ಮಿ.ಮೀ. ವೇಗದ ಸುರಿತ ಎಂದು ಹಿಡಿದರೆ ಸೆಕೆಂಡಿಗೆ ಸುಮಾರು 470 ಲೀಟರ್ ನೀರು ಬರುತ್ತದೆ. ಪೆಟ್ಟಿಗೆ ಪೂರ್ತಿ ಕಟ್ಟಿಕೊಂಡಿದೆ ಎಂದೇ ಭಾವಿಸಿ ಇಷ್ಟೂ ನೀರು ಕೋಡಿಯಿಂದ ಒಂದಡಿ ದಪ್ಪದಲ್ಲಿ ಹರಿಯಬೇಕಾದರೆ 1.7 ಮೀಟರ್ ಅಗಲ ಬೇಕು. ಎರಡೂವರೆ ಮೀಟರ್ ಮಾಡಿಸಿ. ಕೋಡಿಯ ಮೇಲೆ ಹರಿಯುವ ನೀರಿನ ಮಟ್ಟಕ್ಕೂ ಏರಿಯ ತಲೆಗೂ ನಡುವೆ ಒಂದೂವರೆ ಅಡಿ ಉಳಿದಿರಬೇಕು.

ಹೆಚ್ಚು ನೀರು ನಿಲ್ಲಲಿ ಎಂದು ಕೋಡಿಗೆ ಮರಳಿನ ಚೀಲ ಅಡ್ಡವಿಡುವುದು, ಏರಿಯನ್ನು ಒಂದೆರಡು ಅಡಿ ಎತ್ತರಿಸುವುದು, ಮೀನು ಹೋಗದಿರಲಿ ಎಂದು ಬಲೆ ಕಟ್ಟುವುದು, ಇವೆಲ್ಲವೂ ಏರಿ ಒಡೆಯಲು ಆಹ್ವಾನ.

ಹಂತ 9: ತೋಡಿಗೆ ನೀರು ಇಳಿಯುವ ಜಾಗ

ಪೈಪಿನ ಹೊರಬಾಯಿಯ ಮುಂದೆ, ಪೈಪಿನ ವ್ಯಾಸದ ಆರು ಪಟ್ಟು ಉದ್ದಕ್ಕೆ, ಬರಬರುತ್ತ ಅಗಲವಾಗುವಂತೆ ದೊಡ್ಡ ಸೈಜುಗಲ್ಲುಗಳ ಹಾಸು ಹಾಕಿಸಿ. ಕಲ್ಲಿನಡಿ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅಂದರೆ ನೀರನ್ನು ಬಿಟ್ಟು ಮಣ್ಣನ್ನು ಹಿಡಿಯುವ ದಪ್ಪ ನೇಯ್ಗೆ, ಅಥವಾ ಜಲ್ಲಿಯ ಪದರ ಬೇಕು. ಅದಿಲ್ಲದಿದ್ದರೆ ಕಲ್ಲಿನ ಕೆಳಗಿನ ಮಣ್ಣು ಜಾರಿಹೋಗಿ ಕಲ್ಲುಗಳು ಒಂದೊಂದಾಗಿ ತೋಡಿಗೆ ಉರುಳುತ್ತವೆ. ಕಾಂಕ್ರೀಟ್ ಇಳಿಜಾರು ಬೇಡ. ನೀರಿನ ವೇಗ ಅದರ ಮೇಲೆ ಇನ್ನೂ ಹೆಚ್ಚಿ ಎದುರು ದಂಡೆಯನ್ನು ಕೊರೆಯುತ್ತದೆ. ಪೈಪಿನ ಮುಖ ತೋಡಿಗೆ ಅಡ್ಡವಾಗಿರದೆ ಹರಿವಿನ ದಿಕ್ಕಿಗೆ ಓರೆಯಾಗಿರಲಿ.

ಕುಸಿದ ದಂಡೆಗೆ ಬುಡದಲ್ಲಿ ಕಲ್ಲು, ಮೇಲೆ ತೆಂಗಿನ ನಾರಿನ ಚಾಪೆ, ಅದರೊಳಗೆ ಲಾವಂಚ ಸಾಲು ಸಾಕಾಗುತ್ತದೆ. ಎರಡೂ ಬದಿಗೆ ನೇರ ಗೋಡೆ ಕಟ್ಟಿ ತೋಡನ್ನು ಚರಂಡಿಯಾಗಿಸುವ ರೂಢಿ ಊರೂರಿಗೂ ಹಬ್ಬುತ್ತಿರುವುದು ನನಗೆ ಸರಿಕಾಣುವುದಿಲ್ಲ. ಗೋಡೆ ಮುಗಿದಲ್ಲಿಂದ ಕೆಳಗಿನವರಿಗೆ ಅದೇ ಹೊಡೆತ ಇಮ್ಮಡಿಯಾಗಿ ತಲುಪುತ್ತದೆ.

ಹಂತ 10: ಗಿಡ, ಬೇಲಿ ಮತ್ತು ಆನೆಗೆ ದಾರಿ

ಏರಿಯ ಮೇಲೆ ಹುಲ್ಲು ಮಾತ್ರ ಇರಲಿ, ಮರ ಬೇಡ. ನೀರಿನ ಅಂಚಿನ ತಗ್ಗು ಜಾಗದಲ್ಲಿ ಬಜೆ, ಜೊಂಡು ನೆಡಬಹುದು. ತೋಡಿನ ದಂಡೆಗೆ ವಾಟೆ, ಕೇದಗೆ, ನೇರಳೆ ಒಗ್ಗುತ್ತವೆ. ಜೊಂಡು ಬೇಗ ಹಬ್ಬುವುದರಿಂದ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿಯದಂತೆ ನೋಡಿಕೊಳ್ಳಬೇಕು. ಅಂದಕ್ಕೆಂದು ಜಲಕಳೆಯನ್ನು ತಂದು ಬಿಡಬೇಡಿ. ಕೋಡಿ ಹರಿದ ದಿನ ಅದು ಹೊಳೆ ಸೇರುತ್ತದೆ. ಸೊಳ್ಳೆಗೆಂದು ಹೊರದೇಶದ ಗ್ಯಾಂಬೂಸಿಯಾ ಮೀನು ಬಿಡುವುದೂ ಇದೇ ಕಾರಣಕ್ಕೆ ತಪ್ಪು.

ಮಕ್ಕಳಿರುವ ಕಡೆ ಬೇಲಿ ಬೇಕು. ಆನೆ ಓಡಾಡುವ ವಿರಾಜಪೇಟೆ, ಪೊನ್ನಂಪೇಟೆ, ಸಿದ್ದಾಪುರದ ಕಡೆಗಳಲ್ಲಿ ಹೊಂಡದ ಒಂದು ಬದಿಯನ್ನು ಸರಾಗವಾಗಿ ನಡೆದು ಹತ್ತುವಷ್ಟು ಇಳಿಜಾರಾಗಿ ಬಿಡಿ. ನಾಲ್ಕೂ ಬದಿ ಕಡಿದಾದ ಹೊಂಡಕ್ಕೆ ಬಿದ್ದ ಆನೆಮರಿ ತಾನಾಗಿ ಮೇಲೆ ಬರಲಾರದು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳು ಇನ್ನೂ ಅಪಾಯ; ಅವುಗಳಿಂದ ಮನುಷ್ಯರೂ ಹೊರಬರಲು ಕಷ್ಟಪಡುತ್ತಾರೆ.

ಹಂತ 11: ಮೊದಲ ಮಳೆಗಾಲದ ಪರೀಕ್ಷೆ ಮತ್ತು ಮುಂದಿನ ನಿರ್ವಹಣೆ

ಜೂನ್‌ನ ಮೊದಲ ದೊಡ್ಡ ಮಳೆಗೆ ಎರಡು ಗಾಜಿನ ಬಾಟಲಿ ಹಿಡಿದು ಹೋಗಿ. ಒಂದರಲ್ಲಿ ಚರಂಡಿಯಿಂದ ಒಳಬರುವ ನೀರು, ಇನ್ನೊಂದರಲ್ಲಿ ಪೈಪಿನಿಂದ ಹೊರಬೀಳುವ ನೀರು ತುಂಬಿ, ದಿನಾಂಕ ಬರೆದು, ಅಲುಗಾಡದ ಕಡೆ ಒಂದು ದಿನ ಇಡಿ. ಒಳಬಂದ ನೀರಿನ ಬಾಟಲಿಯಲ್ಲಿ ತಳಕ್ಕೆ ಮರಳು, ಅದರ ಮೇಲೆ ಕೆಂಪು ಮಣ್ಣು, ಕುತ್ತಿಗೆಯ ಬಳಿ ತೆಳು ಎಣ್ಣೆಯ ಬಣ್ಣ ಪದರಪದರವಾಗಿ ಕಾಣುತ್ತವೆ. ಹೊರಬಂದ ನೀರಿನ ಬಾಟಲಿಯಲ್ಲಿ ಮರಳು ಇರಲೇಬಾರದು, ಮಣ್ಣಿನ ಪದರ ಮೊದಲ ಬಾಟಲಿಯದಕ್ಕಿಂತ ಎದ್ದು ಕಾಣುವಷ್ಟು ತೆಳುವಾಗಿರಬೇಕು. ಎರಡೂ ಒಂದೇ ತೆರನಾಗಿದ್ದರೆ ನೀರು ಎಲ್ಲೋ ಅಡ್ಡದಾರಿ ಹಿಡಿದಿದೆ. ಅಡ್ಡದಿಣ್ಣೆಯನ್ನೂ ಬೆಂಡಿನ ಜೋಡಣೆಯನ್ನೂ ನೋಡಿ.

ಮಳೆ ನಿಂತ ಮರುದಿನ ಹೊಂಡದ ಮಟ್ಟ ರಂಧ್ರದವರೆಗೆ ಇಳಿದಿದೆಯೇ ಎಂಬುದು ಎರಡನೆಯ ಪರೀಕ್ಷೆ. ಎರಡು ದಿನವಾದರೂ ಇಳಿಯದಿದ್ದರೆ ಜಾಲರಿ ಕಟ್ಟಿಕೊಂಡಿದೆ. ನಾಲ್ಕೈದು ಗಂಟೆಯಲ್ಲೇ ಇಳಿದರೆ ಪೆಟ್ಟಿಗೆಗೂ ಪೈಪಿಗೂ ನಡುವಿನ ಜೋಡಣೆ ಸೋರುತ್ತಿದೆ, ಇಲ್ಲವೇ ಏರಿಯಲ್ಲಿ ಬಿಲವಿದೆ.

ನಿರ್ವಹಣೆಯ ಕೆಲಸ ಒಬ್ಬರ ಹೆಸರಿಗೆ ಇರಬೇಕು. ಸಂಘದ ಎಲ್ಲರ ಹೊಣೆ ಎಂದು ನಡಾವಳಿಯಲ್ಲಿ ಬರೆದರೆ ಯಾರೂ ನೋಡುವುದಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆಯೂ, ಒಂದೇ ದಿನ ನಾಲ್ಕೈದು ಇಂಚು ಸುರಿದ ಮರುದಿನವೂ ಅವರು ಸರಳಿನ ಮುಚ್ಚಳದ ಎಲೆ ತೆಗೆದು, ಏರಿಯ ಹೊರಮೈಯಲ್ಲಿ ಒದ್ದೆ ಜಾಗ ಹುಡುಕಬೇಕು. ನೀರು ಏರಿರುವಾಗ ಪೆಟ್ಟಿಗೆಯ ಬಳಿಗೆ ಇಳಿಯಬಾರದು. ದಡದಿಂದಲೇ ಉದ್ದನೆಯ ಕೊಕ್ಕೆಯಲ್ಲಿ ಎಳೆಯಬೇಕು. ಮುಂಗುಂಡಿಯಲ್ಲಿ ಅಡಿಗಳ ಗುರುತಿರುವ ಕಂಬವೊಂದನ್ನು ನಿಲ್ಲಿಸಿ, ಹೂಳು ಅರ್ಧಕ್ಕೆ ಬಂದ ವರ್ಷದ ಜನವರಿಯಲ್ಲಿ ತೆಗೆಸಿ. ಏರಿಯ ಹುಲ್ಲನ್ನು ವರ್ಷಕ್ಕೆರಡು ಬಾರಿ ಕತ್ತರಿಸಿದರೆ ಏಡಿ, ಹೆಗ್ಗಣಗಳ ಬಿಲ ಕಣ್ಣಿಗೆ ಬೀಳುತ್ತವೆ. ಕಂಡ ಬಿಲವನ್ನು ಜೇಡಿಮಣ್ಣಿನಿಂದ ಒಳಗಿನವರೆಗೆ ಗಿಡಿದು ಮುಚ್ಚಿ. ಬಾಯಿಗೆ ಮಾತ್ರ ಸಿಮೆಂಟ್ ಮೆತ್ತಿದರೆ ಒಳಗಿನ ಸುರಂಗ ಹಾಗೆಯೇ ಉಳಿಯುತ್ತದೆ. ಕಳೆನಾಶಕ ಸಿಂಪಡಿಸಿ ಹುಲ್ಲು ಸುಡುವ ಸುಲಭದ ದಾರಿಯನ್ನು ಈ ಏರಿಯ ಮೇಲೆ ಹಿಡಿಯಬೇಡಿ: ಸತ್ತ ಬೇರು ಮಣ್ಣನ್ನು ಹಿಡಿಯುವುದಿಲ್ಲ, ಮತ್ತು ಆ ಔಷಧಿ ಮುಂದಿನ ಮಳೆಗೆ ಎರಡು ಇಂಚಿನ ರಂಧ್ರದಿಂದಲೇ ತೋಡಿಗೆ ಇಳಿಯುತ್ತದೆ.